ಗೆರೆ ತಾತ ಎಳೆದ ಖಂಡ

ಗೆರೆ ತಾತನ ವಿಷಯ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಬಿಸಿಲಿಗೆ ಕರಗಿ ಮೇಜಿನ ಕಾಲಿನುದ್ದಕ್ಕೂ ಇಳಿಯುತ್ತಿದ್ದ ಕೇಕಿನ ಕೆನೆ. ಗುಲಾಬಿ ಬಣ್ಣದ ಕೆನೆ, ಅದರ ತುಂಬ ನೊಣ. ಈಗಲೂ ಯಾರಾದರೂ ಅಂಥ ಕೇಕಿನ ತುಂಡು ಕೈಗಿಟ್ಟರೆ ಪಕ್ಕದವರಿಗೆ ದಾಟಿಸಿಬಿಡುತ್ತೇನೆ. ಒಬ್ಬ ಒಳ್ಳೆಯ ಮನುಷ್ಯನ ಕಥೆಯನ್ನು ಇಂಥ ಹೇಸಿಗೆಯಿಂದ ಶುರು ಮಾಡಬಾರದು, ಗೊತ್ತು. ಆದರೆ ನಾನು ಶಾಲೆಯ ಡ್ರಿಲ್ ಮೇಷ್ಟ್ರು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಗೆರೆ ತಾತ ನಮ್ಮ ಶಾಲೆಯ ಮೈದಾನದಲ್ಲಿ ಗೆರೆ ಎಳೆಯುವವನು. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವನೇ ಯಾರನ್ನೋ ಕರೀತಿದಾರೆ ಅಂತ ಆಚೀಚೆ ನೋಡುತ್ತಾನೆ. ಮೊದಲು ಬಂದದ್ದು ಗೋಡೆಗೆ ಸುಣ್ಣ ಬಳಿಯಲು. ನನಗಿಂತ ಹಿಂದೆ ಇದ್ದ ಡ್ರಿಲ್ ಮೇಷ್ಟ್ರು ಇವನು ದಾರ ಹಿಡಿಯದೆಯೇ ಗೋಡೆಯ ಕೆಳಪಟ್ಟಿಯನ್ನು ನೇರಕ್ಕೆ ಎಳೆಯುವುದನ್ನು ಕಂಡು, ಕೈಗೆ ಸುಣ್ಣದ ಪುಡಿಯ ಡಬ್ಬ ಕೊಟ್ಟು ಮೈದಾನಕ್ಕೆ ಇಳಿಸಿದರಂತೆ. ಅಂದಿನಿಂದ ಓಟದ ಹಾದಿ, ಆಟದ ಅಂಕಣ, ಬೆಳಗಿನ ಸಾಲು ಎಲ್ಲ ಅವನದೇ. ತಳಕ್ಕೆ ತೂತು ಹೊಡೆದ ಡಬ್ಬ, ಒಂದಷ್ಟು ಗೂಟ, ಒಂದು ಹಗ್ಗ, ಇಷ್ಟು ಅವನ ಸರಂಜಾಮು. ಬೆವರಿದ ಕೈಗೆ ಸುಣ್ಣ ತಾಗಿದರೆ ಸುಡುತ್ತದೆ, ಅದಕ್ಕೇ ಕೆಲಸಕ್ಕೆ ಇಳಿಯುವ ಮೊದಲು ಮೊಣಕೈವರೆಗೂ ಎಣ್ಣೆ ಸವರಿಕೊಳ್ಳುತ್ತಾನೆ. ಎಣ್ಣೆ, ಸುಣ್ಣ ಬೆರೆತ ಒಂದು ವಾಸನೆ ಇದೆ. ಅದು ಬಂತೆಂದರೆ ತಾತ ಹತ್ತಿರದಲ್ಲೇ ಇದ್ದಾನೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ.

ಅವನ ಹಗ್ಗದಲ್ಲಿ ಒಂದೊಂದು ಕೈಗೆ ಒಂದೊಂದು ಗಂಟು. ಎಂಥ ಅಂಕಣ ಎಳೆಯಲು ಹೇಳಿದರೂ ಅವನು ಉದ್ದ ಎಷ್ಟು, ಅಗಲ ಎಷ್ಟು ಎಂದು ಮೊದಲು ಕೇಳುವುದಿಲ್ಲ. "ಎಷ್ಟು ಮಕ್ಳು ನಿಲ್ತಾರೆ?" ಎಂದು ಕೇಳುತ್ತಾನೆ. ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಒಂದು ಕೈ ಅಂತರ. ಮುಂದೆ ಒಂದು ಕೈ, ಪಕ್ಕಕ್ಕೆ ಒಂದು ಕೈ. ನಾನು ದಿನಾ ಬೆಳಗ್ಗೆ ಗಂಟಲು ಹರಿದುಕೊಂಡು "ಒಂದು ಕೈ ಅಂತರ!" ಎಂದು ಕೂಗುವುದು ಸಂಬಳಕ್ಕೆ. ತಾತನಿಗೆ ಅದು ಉಸಿರಿನ ಹಾಗೆ.

ಯಾಕೆ ಅಂತ ಒಮ್ಮೆ ಕೇಳಿದ್ದೆ. ಗೂಟ ಹೊಡೆಯುತ್ತಲೇ ಹೇಳಿದ: "ನಾವು ಚಿಕ್ಕವರಿದ್ದಾಗ ಕೂಲಿಯವರ ಶೆಡ್ಡಲ್ಲಿ ಮಲಗ್ತಿದ್ವಿ ಮೇಷ್ಟ್ರೇ. ಎಷ್ಟು ಇಕ್ಕಟ್ಟು ಅಂದ್ರೆ ಒಬ್ರು ಮಗ್ಗುಲಾಗ್ಬೇಕಾದ್ರೆ ಕೂಗಿ ಹೇಳ್ಬೇಕು. ಸಾಲಿಗೆ ಸಾಲೇ ಮಗ್ಗುಲಾಗ್ಬೇಕು. ಮದ್ವೆ ಆದ್ಮೇಲೂ ನಂಗೆ ಅದೇ ಅಭ್ಯಾಸ. ಮಗ್ಗುಲಾಗೋಕೆ ಮುಂಚೆ ಇವಳ್ನ ಕೇಳ್ತಿದ್ದೆ. ಬಿದ್ದು ಬಿದ್ದು ನಗೋಳು." ಅವನೂ ನಕ್ಕ. ಆಮೇಲೆ ಗೂಟದ ತಲೆ ಸವರುತ್ತ, "ಮನುಷ್ಯ ಅಂದ್ಮೇಲೆ ಕೈ ಚಾಚೋಷ್ಟು ಜಾಗ ಬೇಕು," ಎಂದ.

ಮನೆಯಲ್ಲಿ ಅವನು, ಹೆಂಡತಿ, ಮಗಳು, ಮೊಮ್ಮಗಳು. ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಓದುವ ವಯಸ್ಸಿನಲ್ಲೇ ಅವಳನ್ನು ಶಾಲೆ ಬಿಡಿಸಬೇಕಾಗಿ ಬಂದದ್ದು ತಾತನಿಗೆ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಮೊಮ್ಮಗಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ. ತಾತ ಇಲ್ಲಿ ಕೆಲಸಕ್ಕಿದ್ದಾನೆ ಅನ್ನುವ ಕಾರಣಕ್ಕೆ ಅವಳಿಗೆ ನಮ್ಮ ಶಾಲೆಯಲ್ಲಿ ಪುಕ್ಕಟೆ ಓದು. ಜಾಣೆ, ಮಾತುಗಾತಿ. ಭೂಗೋಳ ಅಂದರೆ ಪ್ರಾಣ. ಅಟ್ಲಾಸ್ ತೆರೆದು ನೆಲದ ಮೇಲೆ ಬೋರಲು ಮಲಗಿದಳೆಂದರೆ ಊಟಕ್ಕೆ ಕರೆದರೂ ಕಿವಿ ಕೇಳದು.

ಇಂಥ ಮನೆಗೆ ಹೇಸಿಗೆ ಬಂದದ್ದು ಶಾಲೆಯ ವಾರ್ಷಿಕೋತ್ಸವದ ರೂಪದಲ್ಲಿ.

ಭೂಗೋಳದ ಮೇಡಂ ಹೊಸಬರು, ಉತ್ಸಾಹಿ. ನಾವಿರುವ ಖಂಡದ ದೇಶಗಳನ್ನೆಲ್ಲ ಮೈದಾನದಲ್ಲೇ ಬಿಡಿಸಿ ಮಕ್ಕಳಿಗೆ ತೋರಿಸಬೇಕು ಎಂದು ಅವರಿಗೆ ಹೊಳೆಯಿತು. ಸುಣ್ಣದ ಗೆರೆಯೇ ಗಡಿ. ದೇಶ ಎಷ್ಟು ದೊಡ್ಡದೋ ಅಷ್ಟು ಜಾಗ. ಆ ದೇಶದಲ್ಲಿ ಎಷ್ಟು ಜನರೋ ಆ ಲೆಕ್ಕಕ್ಕೆ ಅಷ್ಟು ಮಕ್ಕಳು. ಅದರ ಸಂಪತ್ತು ಎಷ್ಟೋ ಅಷ್ಟು ಬ್ರೆಡ್ಡು, ಇದ್ದ ಮಕ್ಕಳೇ ಹಂಚಿಕೊಳ್ಳಬೇಕು. ಯಾರು ಯಾವ ದೇಶಕ್ಕೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು, ಗಂಟೆ ಹೊಡೆದ ಕೂಡಲೇ ದೇಶ ಬದಲಿಸುವುದು. ಎಲ್ಲ ಮಕ್ಕಳೂ ಎಲ್ಲ ಕಡೆ ನಿಂತು ಬರಬೇಕು. ನಿಜ ಹೇಳುತ್ತೇನೆ, ಕೇಳಿದಾಗ ನನಗೂ ಹಿಡಿಸಿತು.

ಆದರೆ ನಮ್ಮ ಕಾರ್ಯದರ್ಶಿಗಳ ಕಿವಿಗೆ ಬಿದ್ದ ಯಾವ ಒಳ್ಳೆಯ ಮಾತು ತಾನೇ ಒಳ್ಳೆಯದಾಗಿ ಹೊರಗೆ ಬಂದಿದೆ? ಆಡಳಿತ ಮಂಡಳಿಯ ಕಾರ್ಯದರ್ಶಿ ಎಂದರೆ ಶಾಲೆಯ ಕಟ್ಟಡ, ಮಕ್ಕಳು, ಮೇಷ್ಟ್ರುಗಳು ಎಲ್ಲರೂ ತಮ್ಮ ಮನೆಯ ಸಾಮಾನು ಎಂದು ತಿಳಿದ ಮನುಷ್ಯ. ದೊಡ್ಡವರ ಎದುರು ಹಲ್ಲು ಕಿರಿಯುವಾಗ ಅವರ ಒಸಡು ಕೂಡ ಕಾಣುತ್ತದೆ. ಆ ವರ್ಷ ಯಾರೋ ಭಾರಿ ಮನುಷ್ಯರು ಮುಖ್ಯ ಅತಿಥಿಯಾಗಿ ಬರುವವರಿದ್ದರು. ಮೇಡಂ ಹೇಳಿದ್ದನ್ನೆಲ್ಲ ಕೇಳಿ ಕಾರ್ಯದರ್ಶಿಗಳು ಕಣ್ಣರಳಿಸಿದರು.

"ಬ್ಯೂಟಿಫುಲ್! ಮಹಡಿಯ ವರಾಂಡದಿಂದ ಅತಿಥಿಗಳಿಗೆ ತೋರಿಸೋಣ. ಆದ್ರೆ ಈ ಚೀಟಿ ಎತ್ತೋದು, ಓಡಾಡೋದು ಬೇಡ. ಅದೆಲ್ಲ ನಿಮ್ಮ ಕ್ಲಾಸಲ್ಲಿ ಇಟ್ಕೊಳ್ಳಿ. ಯಾರು ಎಲ್ಲಿ ನಿಲ್ಬೇಕು ಅಂತ ನಾನೇ ಹೇಳ್ತೀನಿ."

ಹೇಳಿದರು. ಖಂಡದಲ್ಲಿ ಒಂದು ದೇಶ ಇದೆ: ಜಾಗ ವಿಪರೀತ, ಜನ ಸ್ವಲ್ಪ, ಹಣಕ್ಕೆ ಬರವಿಲ್ಲ. ಹೆಸರು ಬೇಡ, ಅಲ್ಲಿಯವರು ನಮಗೇನೂ ಕೇಡು ಮಾಡಿಲ್ಲ. ಆ ದೇಶ ಕಟ್ಟಡದ ನೆರಳಿನ ಪಟ್ಟಿಯುದ್ದಕ್ಕೂ ಬರುವ ಹಾಗೆ ಇಡೀ ನಕ್ಷೆಯನ್ನೇ ತಿರುಗಿಸಿದರು. ಅಲ್ಲಿಗೆ ಆಡಳಿತ ಮಂಡಳಿಯವರ ಮನೆಯ ಮಕ್ಕಳು. ಅದರ ಹೆಸರಿನ ಫಲಕ ಹಿಡಿಯಲು ಕಾರ್ಯದರ್ಶಿಗಳ ತಮ್ಮನ ಮಗಳು, ರಿಬ್ಬನ್ನಿನ ಎರಡು ಜಡೆಯ ಎತ್ತರದ ಹುಡುಗಿ. ನಡುವೆ ಮೇಜು, ಮೇಜಿನ ಮೇಲೆ ಬ್ರೆಡ್ಡಿನ ಬದಲು ಮೂರಂತಸ್ತಿನ ಕೇಕು. ಅದೇ ಖಂಡದಲ್ಲಿ ಇನ್ನೊಂದು ದೇಶ: ಅಂಗೈಯಗಲ ಜಾಗ, ಹಿಡಿ ತುಂಬಿ ಚೆಲ್ಲುವಷ್ಟು ಜನ. ಅದು ನೆರಳಿನ ಆಚೆ, ನೆತ್ತಿ ಸುಡುವ ಬಿಸಿಲಿನಲ್ಲಿ. ಅಲ್ಲಿಗೆ ಪುಕ್ಕಟೆ ಓದುವ ಮಕ್ಕಳೆಲ್ಲರೂ. ಮಕ್ಕಳು ಅದಕ್ಕೆ ಒಂದೇ ದಿನದಲ್ಲಿ 'ಕಿಷ್ಕಿಂಧೆ' ಎಂದು ಹೆಸರಿಟ್ಟವು.

ನಮ್ಮ ಸ್ವಂತ ದೇಶವನ್ನೂ ಕಾರ್ಯದರ್ಶಿಗಳು ಬಿಡಲಿಲ್ಲ. "ನಮ್ದು ಸ್ವಲ್ಪ ದಪ್ಪಗಾಗ್ಲಿ ಮೇಡಂ, ಸೊರಗಿದ ಹಾಗೆ ಕಾಣ್ತಿದೆ," ಎಂದರು.

"ಸರ್, ಆಚೆ ಇರೋದು ಪಕ್ಕದ ದೇಶದ ಜಾಗ."

"ಅವರೇನು ನೋಡೋಕೆ ಬರ್ತಾರಾ?"

ನನಗೆ ನಗು ಬಂತು. ಮುಂದಿನ ಮಾತಿಗೆ ಅದು ನಿಂತಿತು. ಕಿಷ್ಕಿಂಧೆಯ ಮಕ್ಕಳ ಕೈಗೆ ಬ್ರೆಡ್ಡಿನ ಚೂರು ಎಂದು ಮೇಡಂ ಬರೆದಿದ್ದರು. ಕಾರ್ಯದರ್ಶಿಗಳು ತಲೆಯಾಡಿಸಿದರು. "ಚೂರು ಮೇಲಿಂದ ಕಾಣಲ್ಲ. ಖಾಲಿ ತಟ್ಟೆ ಇರ್ಲಿ. ಡ್ರಿಲ್ ಮೇಷ್ಟ್ರು ಸೀಟಿ ಊದಿದ ತಕ್ಷಣ ಎಲ್ಲಾ ಒಟ್ಟಿಗೆ ಅತಿಥಿಗಳ ಕಡೆ ತಟ್ಟೆ ಎತ್ಬೇಕು. ಫೋಟೋದಲ್ಲಿ ಕಣ್ಣಲ್ಲಿ ನೀರು ಬರೋ ಹಾಗಿರುತ್ತೆ. ತಟ್ಟೆ ಅವರವರ ಮನೆಯಿಂದ್ಲೇ ತರ್ಲಿ. ಸೊಟ್ಟಗಿದ್ರೆ ಇನ್ನೂ ಒಳ್ಳೇದು."

ಮೇಡಂ ಮೆಲ್ಲಗೆ ಹೇಳಿದರು, "ಸರ್, ಯಾವ ದೇಶವೂ ಖಾಲಿ ಇರೋದಿಲ್ಲ. ಒಟ್ಟು ಲೆಕ್ಕ ಹಾಕಿದ್ರೆ ಆ ದೇಶದ ಗಳಿಕೆ ಎಷ್ಟೋ ದೇಶಗಳಿಗಿಂತ ಜಾಸ್ತಿ ಇದೆ. ತಲೆಗೆ ಹಂಚಿದಾಗ ಕಡಿಮೆ ಬರುತ್ತೆ, ಅಷ್ಟೇ."

"ಪಾಠ ಆಮೇಲೆ ಮಾಡಿ," ಎಂದರು ಅವರು.

ನಾನು ಸುಮ್ಮನಿರಲಿಲ್ಲ. ಮಕ್ಕಳ ಕೈಯಲ್ಲಿ ಮಕ್ಕಳ ಎದುರು ಭಿಕ್ಷೆ ಎತ್ತಿಸುವುದು ಶಾಲೆಯ ಕೆಲಸವಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. "ನೀವು ಸೀಟಿ ಊದಿ ಸಾಕು ಮೇಷ್ಟ್ರೇ," ಎಂದು ನಕ್ಕರು. ಒಸಡು ಕಂಡಿತು. ಥೂ ಎನ್ನಿಸಿ ಹೊರಗೆ ಬಂದು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದೆ, ಏನನ್ನೋ ತಿಂದವನ ಹಾಗೆ.

ತಾಲೀಮು ಶುರುವಾಯಿತು. ಮೇಡಂ ನಕ್ಷೆ ಹಿಡಿದು ಅಳತೆ ಹೇಳುತ್ತಿದ್ದರು, ತಾತ ಗೆರೆ ಎಳೆಯುತ್ತಿದ್ದ. ಕಿಷ್ಕಿಂಧೆಯ ಹತ್ತಿರ ಬಂದಾಗ ಅವನ ಕೈ ನಿಂತಿತು.

"ಇಲ್ಲಿ ಎಷ್ಟು ಮಕ್ಳು ಮೇಡಂ?"

ಮೇಡಂ ಹೇಳಿದರು.

"ಹಂಗಾದ್ರೆ ಈ ಜಾಗ ಸಾಲಲ್ಲ."

"ಆ ದೇಶ ಇರೋದೇ ಅಷ್ಟು ತಾತ."

"ಮಕ್ಳನ್ನ ಕಮ್ಮಿ ಮಾಡಿ."

"ಅಲ್ಲಿ ಜನ ಇರೋದೇ ಅಷ್ಟು."

ತಾತ ಹಗ್ಗದ ಗಂಟುಗಳನ್ನು ಬೆರಳಲ್ಲಿ ಎಣಿಸಿದ. ಆಮೇಲೆ ಹೇಳಿದ ಹಾಗೆಯೇ ಎಳೆದ. ಅವನು ಎಳೆದ ಗೆರೆ ಸೊಟ್ಟಗಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಮಕ್ಕಳನ್ನು ಒಳಗೆ ನಿಲ್ಲಿಸಿದೆವು. ನಿಲ್ಲಿಸಿದೆವು ಎಂಬುದು ಸುಳ್ಳು, ತುರುಕಿದೆವು. ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ, ಒಬ್ಬಳ ಉಸಿರು ಇನ್ನೊಬ್ಬಳ ಕತ್ತಿಗೆ. ಬೆವರು ನಾರುತ್ತಿತ್ತು. ಗೆರೆ ದಾಟಿ ಕಾಲಿಟ್ಟರೆ ಪಕ್ಕದ ದೇಶದವರು "ಏಯ್, ನಮ್ಮ ಜಾಗ!" ಎಂದು ತಳ್ಳುತ್ತಿದ್ದರು. ಆಚೆ ಮರಳುಗಾಡಿನ ದೇಶವೊಂದರಲ್ಲಿ ಇಬ್ಬರೇ ಇಬ್ಬರು ಹುಡುಗರು ಒಬ್ಬರಿಗೊಬ್ಬರ ಮಾತು ಕೇಳಿಸದಷ್ಟು ದೂರದಲ್ಲಿ ನಿಂತು ಬೇಸರಕ್ಕೆ ಕಲ್ಲು ಎಸೆದಾಡುತ್ತಿದ್ದರು. ನೆರಳಿನ ದೇಶದವರು ಉಟ್ಟ ಹೊಸ ಬಟ್ಟೆ ಮಾಸದ ಹಾಗೆ ಕುರ್ಚಿ ತರಿಸಿಕೊಂಡು ಕೂತಿದ್ದರು. ತಟ್ಟೆ ಎತ್ತುವ ತಾಲೀಮಿನಲ್ಲಿ ಕಾರ್ಯದರ್ಶಿಗಳೇ ಮುಂದೆ ನಿಂತು ಹೇಳಿಕೊಟ್ಟರು: "ಇನ್ನೂ ಮೇಲೆ! ಮುಖ ಸಪ್ಪಗಿರ್ಲಿ! ನಗಬಾರ್ದು!" ರಿಬ್ಬನ್ನಿನ ಹುಡುಗಿ ಕುರ್ಚಿಯಿಂದಲೇ "ಅಮ್ಮಾ, ತಾಯೀ" ಎಂದು ರಾಗ ಎಳೆದಳು. ನೆರಳಿಗೆ ನೆರಳೇ ನಕ್ಕಿತು. ಅಂದಿನಿಂದ ಆ ಮಕ್ಕಳಿಗೆ ಶಾಲೆಯಲ್ಲಿ ಒಂದೇ ಹೆಸರು, ಖಾಲಿ ತಟ್ಟೆ. ನೀರಿನ ನಲ್ಲಿಯ ಹತ್ತಿರ ಖಾಲಿ ತಟ್ಟೆ, ಮೆಟ್ಟಿಲ ಮೇಲೆ ಖಾಲಿ ತಟ್ಟೆ.

ಪುಟ್ಟಿ ತಾಲೀಮಿಗೆ ಬರುವುದನ್ನು ನಿಲ್ಲಿಸಿದಳು. ಬಾರದವರ ಪುಕ್ಕಟೆ ಓದನ್ನು ರದ್ದು ಮಾಡುತ್ತೇವೆ ಎಂದು ಕಾರ್ಯದರ್ಶಿಗಳು ಹೇಳಿ ಕಳಿಸಿದರು. ನಾನು ತಾತನ ಮನೆಗೆ ಹೋದೆ.

ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಒಂದು ಗೂಡು. ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿ, ತಂತಿಯ ಮೇಲೆ ಬಟ್ಟೆಗಳು ಅಂಚಿಗೆ ಅಂಚು ಕೂಡಿ. "ಇವರಿಗೆ ಸಾರಿನ ಪಾತ್ರೆ ಕೂಡ ಸಾಲಲ್ಲೇ ನಿಲ್ಬೇಕು," ಎಂದು ತಾತನ ಹೆಂಡತಿ ಯಾವಾಗಲೂ ಹೇಳುವ ಮಾತನ್ನು ಆ ದಿನವೂ ಹೇಳಿ ನಗಲು ನೋಡಿದರು. ನಗು ಬರಲಿಲ್ಲ. ಊಟದ ಹೊತ್ತು. ತಾತನಿಗೆ, ಮಗಳಿಗೆ ತಟ್ಟೆ ಇಟ್ಟಿದ್ದರು. ಪುಟ್ಟಿಗೆ ಟಿಫಿನ್ ಡಬ್ಬಿಯ ಮುಚ್ಚಳ.

"ಯಾಕಮ್ಮ ಮುಚ್ಚಳ?" ಎಂದೆ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ತಟ್ಟೆ ಮುಟ್ಟಲ್ಲ ಅಂತಾಳೆ ಮೇಷ್ಟ್ರೇ. ತಟ್ಟೇಲಿ ಹಾಕಿದ್ರೆ ಎದ್ದು ಹೋಗ್ತಾಳೆ. ಮೊದ್ಲು ಬೈದೆ. ಆಮೇಲೆ ಹಾಳಾಗ್ಲಿ, ಹೊಟ್ಟೆಗೆ ಹೋದ್ರೆ ಸಾಕು ಅಂತ ಇದ್ರಲ್ಲೇ ಹಾಕ್ತಿದೀನಿ."

ಪುಟ್ಟಿ ತಲೆ ಎತ್ತಲಿಲ್ಲ. ಮುಚ್ಚಳದ ಅಂಚಿಗೆ ಅನ್ನ ಒತ್ತುತ್ತ ಹೇಳಿದಳು, "ನಾನು ಹೋಗಿ ನಿಂತ್ಕೋತೀನಿ ಸರ್. ತಾತ ಬೈಸ್ಕೊಳ್ಳೋದು ಬೇಡ. ಆದ್ರೆ ಅದು ಮುಗಿದ್ಮೇಲೆ ಶಾಲೆಗೆ ಬರಲ್ಲ. ಅಮ್ಮನ ಜೊತೆ ಕಾರ್ಖಾನೆಗೆ ಹೋಗ್ತೀನಿ."

ಅವಳಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಜ್ಜಿ ರೇಗಿದರು: "ಒಂದಿನ ತಟ್ಟೆ ಎತ್ತಿದ್ರೆ ಕೈ ಸವೆದು ಹೋಗುತ್ತಾ? ನಿಮ್ಮಮ್ಮನ ಬೆರಳು ನೋಡು, ಸೂಜಿ ಚುಚ್ಚಿ ಚುಚ್ಚಿ ಏನಾಗಿದೆ ಅಂತ!"

"ಬೆರಳಿಗೆ ಚುಚ್ಚಿದ್ರೆ ಯಾರೂ ನಗಲ್ವಲ್ಲ ಅಜ್ಜಿ," ಎಂದಳು ಪುಟ್ಟಿ.

ನಿಂತರೆ ಓದು ಅವಳೇ ಬಿಡುತ್ತಾಳೆ, ನಿಲ್ಲದಿದ್ದರೆ ಅವರು ಬಿಡಿಸುತ್ತಾರೆ. ಎರಡೂ ಕಡೆ ಅದೇ ಕಾರ್ಖಾನೆಯ ಬಾಗಿಲು. ತಾತ ಊಟ ಮುಗಿಸಿದ. ನನ್ನನ್ನು ಬೀದಿಯ ತುದಿವರೆಗೂ ಕಳಿಸಲು ಬಂದವನು ಅಲ್ಲಿ ನಿಂತು, "ಅದರ ಕೈ ಅಷ್ಟು ಚೆಂದಾಗಿ ನಕ್ಷೆ ಬಿಡಿಸುತ್ತೆ ಮೇಷ್ಟ್ರೇ," ಎಂದ. ಅವನ ಕಣ್ಣು ಸುಣ್ಣಕ್ಕೆ ಯಾವಾಗಲೂ ಕೆಂಪು, ಹಾಗಾಗಿ ಬೇರೇನೂ ಗೊತ್ತಾಗಲಿಲ್ಲ.

ವಾರ್ಷಿಕೋತ್ಸವದ ಬೆಳಗ್ಗೆ ಮೈದಾನಕ್ಕೆ ಹೋದರೆ ಖಂಡವೇ ಇರಲಿಲ್ಲ! ಅತಿಥಿಗಳ ಕಾರಿಗೆ ಧೂಳು ಏಳಬಾರದೆಂದು ಕಾರ್ಯದರ್ಶಿಗಳು ಹೇಳದೆ ಕೇಳದೆ ನೀರಿನ ಟ್ಯಾಂಕರ್ ತರಿಸಿ ಇಡೀ ಮೈದಾನಕ್ಕೆ ನೀರು ಹೊಡೆಸಿದ್ದರು. ಹಿಂದಿನ ದಿನ ಎಳೆದ ಗೆರೆಗಳೆಲ್ಲ ಹಾಲಿನ ನೀರಾಗಿ ಚರಂಡಿ ಸೇರಿದ್ದವು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಕಾರ್ಯದರ್ಶಿಗಳು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದವರು ಅಲ್ಲಿಂದಲೇ ಅರಚಿದರು, "ಬೇಗ ಎಳೀರಿ! ಏನೋ ಒಂದು ಎಳೀರಿ!"

ತಾತ ಕೈಗೆ ಎಣ್ಣೆ ಸವರಿಕೊಂಡ. ಮೇಡಂ ನಕ್ಷೆ ಚಾಚಿದರು. "ಬೇಡಿ ಮೇಡಂ, ಕೈಗೆ ಅಭ್ಯಾಸ ಆಗಿದೆ. ನೀವು ಹೋಗಿ ಮಕ್ಳ ಬಟ್ಟೆ ಬರೆ ನೋಡಿ," ಎಂದು ಅವರನ್ನು ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ಕಿಷ್ಕಿಂಧೇಲಿ ಎಷ್ಟು ಮಕ್ಳು?"

"ನಿಮಗೆ ಗೊತ್ತಲ್ಲ ತಾತ."

"ಗೊತ್ತು. ನಿಮ್ಮ ಬಾಯಲ್ಲಿ ಒಂದ್ಸಲ ಕೇಳೋಣ ಅಂತ."

ಹೇಳಿದೆ. ಅವನು ಹಗ್ಗ ಬಿಚ್ಚಿದ. ಒಂದು ಮಗುವಿಗೆ ಒಂದು ಕೈ, ಮುಂದೆ ಒಂದು, ಪಕ್ಕಕ್ಕೆ ಒಂದು. ಆಗ ನನಗೆ ಅರ್ಥವಾಯಿತು. ತಡೆಯುವುದಿರಲಿ, ನಾನೇ ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದೆ.

ದೇಶಗಳ ಆಕಾರ ಅವನು ಕೆಡಿಸಲಿಲ್ಲ. ಮೂಗಿನ ಹಾಗಿದ್ದದ್ದು ಮೂಗಿನ ಹಾಗೆ, ಬಾಲ ಇದ್ದದ್ದಕ್ಕೆ ಬಾಲ. ಬರೀ ಗಾತ್ರ ಬೇರೆ. ಎಷ್ಟು ಮಕ್ಕಳೋ ಅಷ್ಟು ನೆಲ. ಕಿಷ್ಕಿಂಧೆ ಹಿಟ್ಟು ಉಬ್ಬಿದ ಹಾಗೆ ಉಬ್ಬಿ, ಬಿಸಿಲು ದಾಟಿ, ಕಟ್ಟಡದ ನೆರಳನ್ನೆಲ್ಲ ತುಂಬಿಕೊಂಡಿತು. ಮರಳುಗಾಡಿನ ದೇಶ ಇಬ್ಬರು ಕೂತು ಹರಟುವಷ್ಟಾಯಿತು. ನಮ್ಮ ದೇಶ ಕದ್ದ ಬೊಜ್ಜು ಇಳಿಸಿ ತನ್ನ ಮಕ್ಕಳಿಗೆ ಬೇಕಾದಷ್ಟೇ ಅಗಲವಾಯಿತು. ಕೇಕಿನ ದೇಶ ಸೊರಗುತ್ತ ಸರಿಯುತ್ತ ಹೋಗಿ, ಕಟ್ಟಡ ಮುಗಿಯುವ ಕಡೆ, ಬಚ್ಚಲ ಚರಂಡಿಯ ಪಕ್ಕದ ಬಿಸಿಲು ಮೂಲೆಯಲ್ಲಿ ಒಂದು ಕರವಸ್ತ್ರದಷ್ಟಾಗಿ ಕೂತಿತು. ಅಲ್ಲಿಯ ಮಕ್ಕಳಿಗೂ ತಾತ ಒಂದು ಕೈ ಅಂತರ ಕೊಟ್ಟೇ ಇದ್ದ. ಅದರಲ್ಲಿ ಮೋಸವಿಲ್ಲ. ಆದರೆ ಅವರ ಮೇಜಿಗೆ, ಕುರ್ಚಿಗೆ, ಮೂರಂತಸ್ತಿನ ಕೇಕಿಗೆ ಅವನ ಹಗ್ಗದಲ್ಲಿ ಗಂಟು ಇರಲಿಲ್ಲ.

ಮಕ್ಕಳು ಬಂದರು. ಫಲಕ ನೋಡಿ ನಿಂತರು. ಮೇಡಂ ಬಂದು ನೋಡಿ ಬಾಯಿ ತೆರೆದರು, ನನ್ನ ಮುಖ ನೋಡಿದರು, ತಾತನ ಮುಖ ನೋಡಿದರು, ಬಾಯಿ ಮುಚ್ಚಿದರು. ಆಮೇಲೆ ಕೈಯಲ್ಲಿದ್ದ ನಕ್ಷೆಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡರು. ಅವತ್ತಿನಿಂದ ನನಗೆ ಆ ಹೆಣ್ಣುಮಗಳ ಮೇಲೆ ಗೌರವ.

ಅತಿಥಿಗಳು ತಡ ಮಾಡಿದರು. ದೊಡ್ಡವರು ಹೊತ್ತಿಗೆ ಬಂದರೆ ದೊಡ್ಡವರು ಹೇಗಾಗುತ್ತಾರೆ? ಬಿಸಿಲೇರಿತು, ಕಾರ್ಯದರ್ಶಿಗಳು ಗೇಟು ಬಿಟ್ಟು ಕದಲಲಿಲ್ಲ. ಚರಂಡಿಯ ಪಕ್ಕದ ಮೂಲೆಯಲ್ಲಿ ಮೇಜಿಗೆ ಹೊಟ್ಟೆ ಒತ್ತಿಕೊಂಡು ನಿಂತ ಮಕ್ಕಳ ನಡುವೆ ಕೇಕು ಕರಗಲು ಶುರುವಾಯಿತು. ಮೇಲಿನ ಅಂತಸ್ತು ಕೆಳಗಿನದರ ಮೇಲೆ ಕುಸಿಯಿತು. ಚರಂಡಿಯ ನೊಣಗಳಿಗೆ ಹಬ್ಬ. ಮುಟ್ಟಬೇಡಿ ಎಂದು ಹೇಳಿದ್ದರೂ ಒಬ್ಬ ಬೆರಳಿಟ್ಟು ನೆಕ್ಕಿದ, ಇನ್ನೊಬ್ಬ ಹಿಡಿಯನ್ನೇ ಹಾಕಿದ. ತಳ್ಳಾಟ, ಕಿತ್ತಾಟ, ಹೊಸ ಬಟ್ಟೆಯ ಮೇಲೆಲ್ಲ ಗುಲಾಬಿ ಕೆನೆ. ಆಡಳಿತ ಮಂಡಳಿಯ ಕೋಶಾಧಿಕಾರಿಗಳ ಮೊಮ್ಮಗ ಗಬಗಬನೆ ತಿಂದದ್ದನ್ನೆಲ್ಲ ಬಿಸಿಲಿಗೆ ಅಲ್ಲೇ ಕಾರಿಕೊಂಡ. ಅದರ ಮೇಲೂ ನೊಣ. ಮಕ್ಕಳ ಮೇಲೆ ನನಗೆ ಅಸಹ್ಯವಾಗಲಿಲ್ಲ, ಅವರನ್ನು ಓಡಿಹೋಗಿ ನಲ್ಲಿಗೆ ಕರೆದೊಯ್ದು ಮುಖ ತೊಳೆಸಿದೆ. ಆ ಕೇಕನ್ನು ಅಲ್ಲಿ ಇಡಿಸಿದ ಮನುಷ್ಯನ ಮೇಲೆ ಅಸಹ್ಯವಾಯಿತು. ಆ ಅಸಹ್ಯ ಇನ್ನೂ ಹೋಗಿಲ್ಲ.

ಕೊನೆಗೆ ಕಾರು ಬಂತು. ಕಾರ್ಯದರ್ಶಿಗಳು ಅತಿಥಿಗಳನ್ನು ಮಹಡಿಗೆ ಹತ್ತಿಸಿದರು, ವರಾಂಡದ ಕಟಕಟೆಗೆ ಕರೆತಂದರು, ಕೈ ಚಾಚಿ ಮೈದಾನ ತೋರಿಸಿದರು, ಆಮೇಲೆ ತಾವೂ ನೋಡಿದರು. ಅವರ ಮುಖದ ಬಣ್ಣ ಇಳಿದದ್ದು ಕೆಳಗಿದ್ದ ನನಗೂ ಕಂಡಿತು. ನಾನು ಸೀಟಿ ಊದಬೇಕಾಗಿದ್ದ ಹೊತ್ತು ಅದು. ಸೀಟಿ ಜೇಬಿನಲ್ಲಿತ್ತು. ಊದಲಿಲ್ಲ. ಕಾರ್ಯದರ್ಶಿಗಳು ಅತಿಥಿಗಳ ಬೆನ್ನ ಹಿಂದೆ ನಿಂತು ಎರಡೂ ಕೈ ಮೇಲೆತ್ತಿ, ಎತ್ತಿಸಿ, ತಟ್ಟೆ ಎತ್ತಿಸಿ ಎಂದು ನನಗೆ ಸನ್ನೆ ಮಾಡಿದರು. ಆ ದಿನ ಇಡೀ ಶಾಲೆಯಲ್ಲಿ ಖಾಲಿ ಕೈ ಎತ್ತಿ ನಿಂತವರು ಅವರೊಬ್ಬರೇ.

ಕಿಷ್ಕಿಂಧೆಯ ಮಕ್ಕಳು ನೆರಳಿನಲ್ಲಿ ಕಾಲು ನೀಡಿಕೊಂಡಿದ್ದರು. ಒಬ್ಬ ತಟ್ಟೆಯನ್ನು ಚಕ್ರದ ಹಾಗೆ ಉರುಳಿಸುತ್ತಿದ್ದ. ಇನ್ನೊಬ್ಬಳು ಗಾಳಿ ಬೀಸಿಕೊಳ್ಳುತ್ತಿದ್ದಳು. ಪುಟ್ಟಿ ತನ್ನ ತಟ್ಟೆಯನ್ನು ನೆಲಕ್ಕೆ ಮಗುಚಿ ಹಾಕಿ ಅದರ ಮೇಲೆ ಕೂತಿದ್ದಳು.

ವರಾಂಡದಲ್ಲಿ ನಡೆದ ಮಾತನ್ನು ಮೇಡಂ ಹತ್ತಿರದಲ್ಲೇ ನಿಂತು ಕೇಳಿಸಿಕೊಂಡು ಬಂದು ನನಗೆ ಹೇಳಿದರು. ಅತಿಥಿಗಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಅದ್ಭುತ! ಆ ದೇಶ ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದರಂತೆ.

ಕಾರ್ಯದರ್ಶಿಗಳು ಉಗುಳು ನುಂಗಿ, "ಬಹಳ ಜನಕ್ಕೆ ಗೊತ್ತಿಲ್ಲ ಸರ್," ಎಂದರಂತೆ.

"ಯಾರ ಐಡಿಯಾ ಇದು?"

"ನಂದೇ ಸರ್."

ಸಂಜೆ ತಾತನಿಗೆ ಕರೆ ಬಂತು. ನಾನೂ ಜೊತೆಗೆ ಹೋದೆ. ಕಾರ್ಯದರ್ಶಿಗಳು ಮೇಜು ಗುದ್ದಿ ಕೂಗಾಡಿದರು. ತಾತ ಅಷ್ಟನ್ನೂ ಕೇಳಿ, "ನೀರು ಹಾಕ್ಸಿ ಅಳಿಸಿದ್ದು ನೀವು ಸರ್. ಏನೋ ಒಂದು ಎಳಿ ಅಂದಿದ್ದೂ ನೀವೇ. ನಂಗೆ ಬರೋದು ಒಂದೇ ಥರ, ಹಂಗೇ ಎಳ್ದೆ," ಎಂದ. ಅವರು ಕೆಲಸದಿಂದ ತೆಗೆಯುತ್ತೇನೆ ಎಂದರು. "ತೆಗೀರಿ ಸರ್," ಎಂದೆ ನಾನು, "ಯಾಕೆ ತೆಗೆದಿರಿ ಅಂತ ಅತಿಥಿಗಳು ಕೇಳಿದ್ರೆ, ನಿಮ್ಮ ಐಡಿಯಾನ ಇವನು ಸರಿಯಾಗಿ ಎಳೆದ ಅಂತ ಹೇಳಬೇಕಾಗುತ್ತೆ." ಅವರು ಕೈಬೀಸಿ ನಮ್ಮನ್ನು ಹೊರಗೆ ಕಳಿಸಿದರು. ಹೊಗಳಿಕೆಯನ್ನು ಆಗಲೇ ನುಂಗಿದ್ದರು, ಈಗ ಉಗುಳುವ ಹಾಗಿರಲಿಲ್ಲ. ಅಂದು ವರಾಂಡದಿಂದ ತೆಗೆದ ಫೋಟೋ ಈಗ ಶಾಲೆಯ ಹಾಲ್‌ನಲ್ಲಿ ದೊಡ್ಡ ಚೌಕಟ್ಟಿನಲ್ಲಿದೆ, ಕೆಳಗೆ ಕಾರ್ಯದರ್ಶಿಗಳ ಹೆಸರು. ಅಲ್ಲಿಗೆ ಬರುವ ವಿದ್ಯಾವಂತರೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಾರೆ. ಆ ಖಂಡದಲ್ಲಿ ಒಂದು ದೇಶವೂ ತನ್ನ ಅಳತೆಯಲ್ಲಿಲ್ಲ ಎಂದು ಇದುವರೆಗೂ ಒಬ್ಬನೂ ಹೇಳಿಲ್ಲ. ನೋಡಿದರೆ ತಾನೇ ಹೇಳುವುದು?

ಹೊರಗೆ ಬಂದ ಮೇಲೆ ತಾತ ಕೇಳಿದ್ದು ಕೆಲಸದ ಮಾತಲ್ಲ. "ನಾಳೆ ಬರ್ತಾಳಾ ಮೇಷ್ಟ್ರೇ?" ಎಂದ. ನನಗೇನು ಗೊತ್ತು? ಗೊತ್ತಿಲ್ಲ ಎಂದೆ.

ಮಾರನೆಯ ಬೆಳಗ್ಗೆ ತಾತ ಎಂದಿಗಿಂತ ಮುಂಚೆ ಬಂದು ಸಾಲಿನ ಗೆರೆ ಎಳೆದಿಟ್ಟು, ನಲ್ಲಿಯ ಹತ್ತಿರ ಕೈ ಒರೆಸಿಕೊಳ್ಳುವ ನೆಪದಲ್ಲಿ ನಿಂತಿದ್ದ. ಕೈ ಒಣಗಿ ಎಷ್ಟು ಹೊತ್ತಾಗಿತ್ತೋ. ಗೇಟಿನಿಂದ ಮಕ್ಕಳು ಬಂದರು, ಸಾಲು ತುಂಬಿತು. ಪುಟ್ಟಿ ಇರಲಿಲ್ಲ. ಇನ್ನೇನು ಶುರು ಮಾಡಬೇಕು, ಆಗ ಅವಳು ಚೀಲ ಹೊತ್ತು ಓಡಿ ಬಂದಳು. "ಯಾಕೆ ತಡ?" ಎಂದು ಗದರಿದೆ. "ಅಜ್ಜಿ ತಟ್ಟೆ ತುಂಬ ಬಡಿಸಿಬಿಟ್ರು ಸರ್," ಎಂದಳು.

ಹೋಗಿ ತನ್ನ ಜಾಗದಲ್ಲಿ ನಿಂತಳು. ಅವಳ ಮುಂದೆ ರಿಬ್ಬನ್ನಿನ ಹುಡುಗಿ, ಗೆರೆ ಬಿಟ್ಟು ಹಿಂದಕ್ಕೆ ಸರಿದು ಹಾಯಾಗಿ ನಿಂತಿದ್ದಳು. ಪುಟ್ಟಿ ಕೈ ಚಾಚಿದಳು. ಬೆರಳ ತುದಿ ಆ ಜಡೆಗೆ ತಾಗಿತು. ಹುಡುಗಿ ತಿರುಗಿ ನೋಡಿದಳು. ಪುಟ್ಟಿ ಕೈ ಕೆಳಗಿಳಿಸಲಿಲ್ಲ.

"ಮುಂದೆ ಹೋಗು," ಎಂದಳು. "ನೀನಿರೋದು ನನ್ನ ಜಾಗದಲ್ಲಿ."

ಆ ಹುಡುಗಿ ಕೆಳಗೆ ಗೆರೆ ನೋಡಿ ಮುಂದೆ ಸರಿದಳು. ನಾನು ಸೀಟಿ ಊದಿದೆ.